ಅಕ್ಯೂಟ್, ಸಿವಿಯರ್, ಫಲ್ಮಿನಂಟ್: ಕೇಸ್ ಪೇಪರಿನ ಈ ಮೂರು ಪದಗಳನ್ನು ಓದುವ ಕ್ರಮ

ಮುಂಬಯಿಯ ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೈಗೆ ಬರುವುದು ಕೇಸ್ ಪೇಪರ್. ಕೆಇಎಮ್, ಸಾಯನ್, ನಾಯರ್ ಆಗಲಿ, ಡೊಂಬಿವಲಿಯ ಸಣ್ಣ ನರ್ಸಿಂಗ್ ಹೋಮ್ ಆಗಲಿ, ರೋಗದ ಹೆಸರಿನ ಹಿಂದೆ ಒಂದು ವಿಶೇಷಣ ಅಂಟಿಕೊಂಡೇ ಇರುತ್ತದೆ. ಅದು ಅಕ್ಯೂಟ್ ಆಗಿದ್ದರೆ ಮನೆಯವರು 'ತೀವ್ರ' ಎಂದು ಅರ್ಥ ಮಾಡಿಕೊಂಡು ಗಾಬರಿಯಾಗುತ್ತಾರೆ. ಫಲ್ಮಿನಂಟ್ ಎಂದಿದ್ದರೆ ಅರ್ಥವಾಗದೆ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಗಾಬರಿ ಬೇಡದ ಕಡೆ ಗಾಬರಿ, ಬೇಕಾದ ಕಡೆ ನಿಧಾನ. ಈ ಅದಲುಬದಲು ತಪ್ಪಬೇಕಾದರೆ ಪದಗಳ ಅರ್ಥದ ಜೊತೆಗೆ ಯಾವ ಪದಕ್ಕೆ ಯಾವ ಪ್ರಶ್ನೆ ಕೇಳಬೇಕು, ಏನನ್ನು ಬರೆದಿಡಬೇಕು ಎಂಬುದೂ ಗೊತ್ತಿರಬೇಕು.

ಮೊದಲು ವೇಗವನ್ನೂ ತೀವ್ರತೆಯನ್ನೂ ಬೇರೆ ಮಾಡಿ

ಅಕ್ಯೂಟ್ ಪದದ ಮೂಲ ಲ್ಯಾಟಿನ್ನಿನ 'ಅಕೂಟುಸ್', ಅಂದರೆ ಮೊನಚಾದದ್ದು. ಸೂಜಿಗೆ ಆ ಭಾಷೆಯಲ್ಲಿ 'ಅಕುಸ್' ಎನ್ನುತ್ತಾರೆ. ವೈದ್ಯಶಾಸ್ತ್ರದಲ್ಲಿ ಅದು ಮುಖ್ಯವಾಗಿ ಕಾಲವನ್ನು ಹೇಳುವ ಪದ: ಈಚೆಗೆ ಶುರುವಾದದ್ದು, ಬೇಗ ಬೆಳೆದದ್ದು. ಅದರ ಎದುರು ಪದ ಕ್ರಾನಿಕ್, ಗ್ರೀಕಿನಲ್ಲಿ ಕಾಲಕ್ಕೆ ಇರುವ 'ಕ್ರೋನೋಸ್' ಎಂಬ ಪದದಿಂದ ಬಂದದ್ದು. ಎರಡು ದಿನದ ನೆಗಡಿಯೂ ಕಾಗದದ ಮೇಲೆ 'ಅಕ್ಯೂಟ್ ರೈನೈಟಿಸ್' ಆಗುತ್ತದೆ. ಅದರಲ್ಲಿ ಭಯಪಡುವಂಥದ್ದೇನೂ ಇಲ್ಲ.

ತೊಡಕು ಹುಟ್ಟಿದ್ದು ಅನುವಾದದಲ್ಲಿ. ಅಕ್ಯೂಟ್‌ಗೂ ಸಿವಿಯರ್‌ಗೂ ನಾವು 'ತೀವ್ರ' ಎಂದೇ ಬರೆಯುತ್ತೇವೆ. ಮರಾಠಿಯಲ್ಲೂ 'ತೀವ್ರ' ಎಂದೇ ಓಡುತ್ತದೆ, ಹಾಗಾಗಿ ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರನ್ನು ಕೇಳಿದರೂ ಗೊಂದಲ ಬಗೆಹರಿಯುವುದಿಲ್ಲ. ಓದುವಾಗ ಅಕ್ಯೂಟ್ ಅನ್ನು 'ಹೊಸದಾಗಿ ಶುರುವಾದ' ಎಂದು ಓದಿಕೊಳ್ಳಿ. ತೀವ್ರತೆಗೆ ಮೈಲ್ಡ್, ಮಾಡರೇಟ್, ಸಿವಿಯರ್ ಎಂಬ ಬೇರೆ ಪದಗಳಿವೆ.

'ಸಿವಿಯರ್ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್' ಎಂಬ ಸಾಲನ್ನು ನೋಡಿ. ಮೇದೋಜೀರಕ ಗ್ರಂಥಿಯ ಈ ಉರಿಯೂತಕ್ಕೆ 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣವನ್ನು ಬಳಸುತ್ತಾರೆ. ಶ್ವಾಸಕೋಶ, ಕಿಡ್ನಿ, ರಕ್ತಪರಿಚಲನೆ ಇವುಗಳಲ್ಲಿ ಒಂದಾದರೂ ಕೈಕೊಟ್ಟು, ಆ ವೈಫಲ್ಯ 48 ಗಂಟೆ ಮೀರಿ ಉಳಿದರೆ ಮಾತ್ರ ಅದು ಸಿವಿಯರ್. ಹೊಟ್ಟೆನೋವಿನಲ್ಲಿ ಭರ್ತಿಯಾದ ಮೊದಲ ರಾತ್ರಿ 'ಎಷ್ಟು ಸೀರಿಯಸ್' ಎಂದು ಕೇಳಿದಾಗ 'ಎರಡು ದಿನ ನೋಡೋಣ' ಎಂದು ಡಾಕ್ಟರು ಹೇಳಿದರೆ ಅದು ಜಾರಿಕೊಳ್ಳುವ ಮಾತಲ್ಲ, ಆ ಪದವನ್ನು ಬರೆಯಲು ಅಷ್ಟು ಸಮಯ ಬೇಕೇ ಬೇಕು.

ಫಲ್ಮಿನಂಟ್ ಎಲ್ಲಿಂದ ಬಂತು

ಲ್ಯಾಟಿನ್ನಿನಲ್ಲಿ ಆಕಾಶದ ಬೆಳಕಿಗೆ 'ಫುಲ್ಗುರ್', ನೆಲಕ್ಕೆ ಬಂದು ಹೊಡೆಯುವುದಕ್ಕೆ 'ಫುಲ್ಮೆನ್', ಸದ್ದಿಗೆ 'ಟೊನಿಟ್ರುಸ್'. ಕನ್ನಡದ ಮಿಂಚು, ಸಿಡಿಲು, ಗುಡುಗು ಇದೇ ಮೂರು ಪಾಲು. ಫುಲ್ಗುರ್, ಫುಲ್ಮೆನ್ ಎರಡರ ಹಿಂದೆಯೂ ಹೊಳೆ, ಬೆಳಗು ಎಂಬ ಅರ್ಥದ 'ಫುಲ್ಗೇರೆ' ಧಾತುವಿದೆ. ಆದರೆ ಫಲ್ಮಿನಂಟ್ ಹುಟ್ಟಿದ್ದು ಫುಲ್ಮೆನ್‌ನಿಂದ, ಸಿಡಿಲಿನಿಂದ. ಅದಕ್ಕೇ ಆ ಪದದಲ್ಲಿ ವೇಗ ಮಾತ್ರವಲ್ಲ, ಹೊಡೆತವೂ ಸೇರಿದೆ. ಥಟ್ಟನೆ ಬಂದು ಥಟ್ಟನೆ ಹೋಗುವ ಕಾಯಿಲೆಗೆ ಈ ಪದ ಹಾಕುವುದಿಲ್ಲ. ಏಕಾಏಕಿ ಬರಬೇಕು, ಬಂದದ್ದು ಅಂಗವನ್ನೇ ಕೆಡವುವಷ್ಟು ಜೋರಾಗಿರಬೇಕು.

ವೈದ್ಯರ ಕೈಗೆ ಬರುವ ಮೊದಲು ಈ ಧಾತು ಬೇರೆ ಕಡೆಗಳಲ್ಲಿ ಓಡಾಡಿದೆ. ಚರ್ಚು ಬಹಿಷ್ಕಾರದ ಶಾಸನ ಹೊರಡಿಸುವುದಕ್ಕೆ 'ಫುಲ್ಮಿನಾರೆ' ಎನ್ನುತ್ತಿದ್ದರು. 1800ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೋವರ್ಡ್ ವಿವರಿಸಿದ, ತಟ್ಟಿದರೆ ಸಿಡಿಯುವ ಪಾದರಸದ ಲವಣಕ್ಕೆ ಮರ್ಕ್ಯುರಿ ಫಲ್ಮಿನೇಟ್ ಎಂದು ಹೆಸರಾಯಿತು. ಬಂದೂಕಿನ ಕೇಪುಗಳಲ್ಲಿ ಬಹಳ ಕಾಲ ಬಳಕೆಯಾದದ್ದು ಅದೇ.

ಊರಿನ ಹಿರಿಯರಿಗೆ ಫೋನಿನಲ್ಲಿ ವಿವರಿಸುವಾಗ ಮೂಲಾರ್ಥವನ್ನು ಹಾಗೇ ಒಪ್ಪಿಸಬೇಡಿ. 'ಸಿಡಿಲು ಬಡಿದ ಹಾಗೆ' ಎಂಬುದು ನಮ್ಮಲ್ಲಿ ಸಾವಿನ ಸುದ್ದಿಯ ಜೊತೆ ಬರುವ ಮಾತು. ಸಿಡಿಲು ಬಡಿಯಲಿ ಎಂಬುದು ಶಾಪ. 'ಏಕಾಏಕಿ ಬಂದಿದೆ, ಜೋರಾಗಿದೆ, ದಿನ ನೋಡಿಕೊಂಡು ಕೂರುವಂಥದ್ದಲ್ಲ' ಎಂದರೆ ಸಾಕು, ಅರ್ಥವೂ ಕೆಡುವುದಿಲ್ಲ.

ಲಿವರಿನ ವಿಷಯವಾದರೆ ಮೂರು ತಾರೀಖು ಬರೆದುಕೊಳ್ಳಿ

ಈ ಪದ ಅತಿ ಹೆಚ್ಚು ಕಾಣುವುದು ಲಿವರಿನ ಜೊತೆ. ಇಲ್ಲಿ ಅದಕ್ಕೆ ದಿನಗಳ ಲೆಕ್ಕವೂ ಇದೆ. 1970ರಲ್ಲಿ ಟ್ರೇ ಮತ್ತು ಡೇವಿಡ್ಸನ್ ಎಂಬ ವೈದ್ಯರು, ಮೊದಲು ಲಿವರಿನ ತೊಂದರೆ ಇಲ್ಲದವರಲ್ಲಿ ಕಾಯಿಲೆ ಶುರುವಾದ 8 ವಾರದೊಳಗೆ ಮಿದುಳಿಗೆ ಮಂಕು ಕವಿದರೆ ಅದು ಫಲ್ಮಿನಂಟ್ ಎಂದು ಗೆರೆ ಎಳೆದರು. 1986ರಲ್ಲಿ ಫ್ರಾನ್ಸಿನವರು ಎಣಿಕೆಯನ್ನು ಕಾಮಾಲೆ ಕಂಡ ದಿನದಿಂದ ಶುರುಮಾಡಿದರು: 2 ವಾರದೊಳಗಾದರೆ ಫಲ್ಮಿನಂಟ್, 2 ವಾರದಿಂದ 3 ತಿಂಗಳಾದರೆ ಸಬ್‌ಫಲ್ಮಿನಂಟ್. 1993ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತಂಡ ಇದನ್ನೇ ಮೂರು ಮಾಡಿತು. ಕಾಮಾಲೆಯಿಂದ ಮಂಕಿನವರೆಗೆ 7 ದಿನದೊಳಗಾದರೆ ಹೈಪರ್‌ಅಕ್ಯೂಟ್, 8ರಿಂದ 28 ದಿನವಾದರೆ ಅಕ್ಯೂಟ್, 5ರಿಂದ 12 ವಾರವಾದರೆ ಸಬ್‌ಅಕ್ಯೂಟ್. ಈಗ ಹೆಚ್ಚಿನ ಕಡೆ 'ಅಕ್ಯೂಟ್ ಲಿವರ್ ಫೇಲ್ಯೂರ್' ಎಂದೇ ಬರೆಯುತ್ತಾರೆ. ಹಳೆಯ ಪದ ಕಂಡರೂ ಹೊಸದು ಕಂಡರೂ ಸಂಗತಿ ಒಂದೇ. ನೆನಪಿಡಿ, ನೆಗಡಿಯ ಹಿಂದೆ ನಿರುಪದ್ರವಿಯಾಗಿದ್ದ ಅಕ್ಯೂಟ್, ಲಿವರ್ ಫೇಲ್ಯೂರಿನ ಹಿಂದೆ ಬಂದಾಗ ನಿರುಪದ್ರವಿಯಲ್ಲ.

ಇದರಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಒಂದು ವಿಷಯವಿದೆ. ಹೈಪರ್‌ಅಕ್ಯೂಟ್ ಎಂಬುದು ಕಿವಿಗೆ ಭಯಂಕರ. ಮಿದುಳು ಊದಿಕೊಳ್ಳುವ ಅಪಾಯವೂ ಅದರಲ್ಲೇ ಹೆಚ್ಚು. ಆದರೂ ಕಸಿ ಮಾಡದೆಯೇ ಲಿವರ್ ತಾನಾಗಿ ಚೇತರಿಸಿಕೊಳ್ಳುವ ಸಾಧ್ಯತೆ ಅದರಲ್ಲಿ ಹೆಚ್ಚು. ಸೌಮ್ಯವಾಗಿ ಕೇಳಿಸುವ ಸಬ್‌ಅಕ್ಯೂಟ್‌ನಲ್ಲಿ ಆ ಸಾಧ್ಯತೆ ಅತಿ ಕಡಿಮೆ. ನಿಧಾನಕ್ಕೆ ಬೆಳೆದಿದೆ ಎಂದು ಸಮಾಧಾನ ಪಡುವುದು ಇಲ್ಲಿ ತಪ್ಪು ಲೆಕ್ಕ.

ಅದಕ್ಕೇ ಮೂರು ತಾರೀಖು: ಜ್ವರ ಅಥವಾ ವಾಂತಿ ಶುರುವಾದದ್ದು, ಕಣ್ಣು ಹಳದಿಯಾದದ್ದು, ಮಾತು ಅಥವಾ ನಡವಳಿಕೆ ಬದಲಾದದ್ದು. ಮೂರನೆಯದನ್ನು ಹಿಡಿಯುವುದು ಕಷ್ಟ, ಮನೆಯವರಿಗಷ್ಟೇ ಸಾಧ್ಯ. ಹಗಲು ಮಂಪರು, ರಾತ್ರಿ ಎಚ್ಚರ, ಸುಮ್ಮಸುಮ್ಮನೆ ಸಿಡುಕು, ನೋಟು ಎಣಿಸಲು ತಡವರಿಕೆ, ಇವತ್ತು ಯಾವ ವಾರ ಎಂದರೆ ತಬ್ಬಿಬ್ಬು. ಒಂದು ಸಣ್ಣ ಪರೀಕ್ಷೆ ಮಾಡಬಹುದು. ಎರಡೂ ತೋಳು ಮುಂದಕ್ಕೆ ಚಾಚಿಸಿ, ಬೆರಳು ಅಗಲಿಸಿ, ಮಣಿಕಟ್ಟನ್ನು ಹಿಂದಕ್ಕೆ ಮಡಚಿ ಅರ್ಧ ನಿಮಿಷ ಹಿಡಿಯಲು ಹೇಳಿ. ಅಂಗೈ ಪದೇ ಪದೇ ಜೋತುಬಿದ್ದು ಮತ್ತೆ ಎದ್ದರೆ ತಡಮಾಡದೆ ಕ್ಯಾಜುವಲ್ಟಿಗೆ ಹೊರಡಿ. ಕೈ ಗಟ್ಟಿ ನಿಂತಿತು ಎಂದ ಮಾತ್ರಕ್ಕೆ ಮೇಲಿನ ಲಕ್ಷಣಗಳನ್ನು ಕಡೆಗಣಿಸಬೇಡಿ.

ಲ್ಯಾಬ್ ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗುವುದು ಎಸ್‌ಜಿಪಿಟಿಗೆ, ಅಂದರೆ ಕೆಟ್ಟ ಲಿವರ್ ಜೀವಕೋಶಗಳಿಂದ ರಕ್ತಕ್ಕೆ ಸೋರುವ ಎಂಜೈಮಿಗೆ. ನೀವು ಐಎನ್‌ಆರ್ ಹುಡುಕಿ. ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ತಯಾರಿಸುವುದು ಲಿವರ್, ಆ ಕೆಲಸ ನಡೆಯುತ್ತಿದೆಯೇ ಎಂಬುದನ್ನು ಈ ಸಂಖ್ಯೆ ತೋರಿಸುತ್ತದೆ. ಸಾಮಾನ್ಯರಲ್ಲಿ ಅದು 1ರ ಆಸುಪಾಸು. 1.5 ಅಥವಾ ಅದಕ್ಕಿಂತ ಹೆಚ್ಚಿದ್ದು, ಜೊತೆಗೆ ಮಂಕೂ ಇದ್ದರೆ ಅಕ್ಯೂಟ್ ಲಿವರ್ ಫೇಲ್ಯೂರ್ ಎಂಬ ಮಾತು ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಆ ವಿಷಯ ಮೊದಲೇ ಹೇಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎಸ್‌ಜಿಪಿಟಿ 3000ದಿಂದ 600ಕ್ಕೆ ಇಳಿಯಿತು ಎಂದು ಮನೆಯಲ್ಲಿ ಖುಷಿಪಡುತ್ತಾರೆ. ಅದೇ ಹೊತ್ತಿಗೆ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ವಸ್ತು) ಮತ್ತು ಐಎನ್‌ಆರ್ ಏರುತ್ತಿದ್ದರೆ ಆ ಇಳಿಕೆ ಗುಣದ ಸೂಚನೆಯಲ್ಲ. ಎಂಜೈಮು ಸೋರಲು ಜೀವಕೋಶಗಳೇ ಉಳಿದಿಲ್ಲ ಎಂದಿರಬಹುದು. ಮೂರೂ ಸಂಖ್ಯೆಗಳನ್ನು ತಾರೀಖಿನ ಸಮೇತ ಒಂದರ ಕೆಳಗೊಂದು ಬರೆದು ನೋಡಿ, ಒಂದೊಂದೇ ರಿಪೋರ್ಟು ಓದಿದರೆ ಈ ಚಿತ್ರ ಸಿಗುವುದಿಲ್ಲ.

ಮಾಡಬಾರದ್ದೂ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನಿದ್ದೆಮಾತ್ರೆ ಕೊಡಬೇಡಿ. ಮಂಕು ಏರಿದೆಯೋ ಮಾತ್ರೆಯ ಅಮಲೋ ಎಂದು ಯಾರಿಗೂ ತಿಳಿಯದಂತಾಗುತ್ತದೆ, ಮಂಕು ಹೆಚ್ಚಲೂಬಹುದು. ಕಣ್ಣು ಹಳದಿಯಾದ ಮೇಲೆ ಪ್ಯಾರಾಸಿಟಮಾಲ್ ಅನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಆರೋಗ್ಯವಂತ ವಯಸ್ಕರಿಗೂ ದಿನದ ಮೇಲ್ಮಿತಿ 4 ಗ್ರಾಂ, ಅಂದರೆ 650ರ ಮಾತ್ರೆ ಆರು. ಶೀತದ ಮಾತ್ರೆಗಳಲ್ಲೂ ಅದೇ ಔಷಧ ಇರುತ್ತದೆ, ಎರಡನ್ನೂ ನುಂಗಿದವರು ಅರಿವಿಲ್ಲದೆ ಮಿತಿ ದಾಟುತ್ತಾರೆ. ಮಿತಿ ದಾಟಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯಬಾರದು. ಅದರ ಪ್ರತಿಮದ್ದಾದ ಎನ್‌-ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಸಿಕ್ಕಿದರೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಕಾಮಾಲೆಗೆ ನಾಟಿ ಮದ್ದು ಹಾಕಿಸಲೆಂದು ರೋಗಿಯನ್ನು ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಊರಿಗೆ ಸಾಗಿಸಬೇಡಿ. ಉಡುಪಿ, ಮಂಗಳೂರಿನ ದಾರಿ ಒಂದು ಇಡೀ ರಾತ್ರಿಯದು. ಮಂಕು ಒಂದನೇ ಹಂತದಿಂದ ಕೋಮಾ ತಲುಪಲು ಕೆಲವೊಮ್ಮೆ ಅಷ್ಟು ಹೊತ್ತೂ ಬೇಕಿಲ್ಲ, ರಕ್ತದ ಸಕ್ಕರೆ ಕುಸಿಯುವುದೂ ಈ ರೋಗದಲ್ಲಿ ಸಾಮಾನ್ಯ. ಹಳ್ಳಿಮದ್ದಿನ ಮೇಲೆ ನಂಬಿಕೆ ಇರುವವರ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಸಾಮಾನ್ಯ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ತಾನಾಗಿಯೇ ಗುಣವಾಗುತ್ತದೆ, ಆ ಗುಣದ ಕೀರ್ತಿ ಮದ್ದಿಗೆ ಹೋಗುತ್ತದೆ. ಗುಣವಾಗದ ಸಣ್ಣ ಪಾಲೇ ಈ ಫಲ್ಮಿನಂಟ್, ಅಲ್ಲಿ ಕಳೆದುಕೊಂಡ ಗಂಟೆಗಳು ವಾಪಸ್ಸು ಬರುವುದಿಲ್ಲ. ಈಗಾಗಲೇ ಏನಾದರೂ ಮದ್ದು ಕುಡಿಸಿದ್ದರೆ ನಿಲ್ಲಿಸಿ, ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಮುಂಬಯಿ ಕಡೆ ಯಾರು ಹೆಚ್ಚು ಎಚ್ಚರವಾಗಿರಬೇಕು? ಮಳೆಗಾಲದಲ್ಲಿ ಕೊಳಾಯಿಗೆ ಗಟಾರದ ನೀರು ಸೇರಿದಾಗ ಹರಡುವ ಹೆಪಟೈಟಿಸ್ ಎ ಮತ್ತು ಇ ಎರಡೂ ಇದಕ್ಕೆ ಕಾರಣವಾಗಬಹುದು. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ತುಂಬಾ ಅಪಾಯಕಾರಿ. ಕಣ್ಣು ಹಳದಿ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಟಿಬಿ ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರಿಗೆ ತೊಂದರೆ ಕೊಡಬಲ್ಲವು. ಕೋರ್ಸಿನ ನಡುವೆ ವಾಂತಿ ನಿಲ್ಲದಿದ್ದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದೇ ದಿನ ತೋರಿಸಿ, ಮುಂದಿನ ಡೋಸನ್ನು ಕೇಳಿಯೇ ಕೊಡಿ. ಇಲಿಗೆ ಇಡುವ ಪೇಸ್ಟುಗಳಲ್ಲಿ ಹಳದಿ ರಂಜಕ ಇರುವಂಥವು ಇನ್ನೂ ಮೋಸದವು. ಬಾಯಿಗೆ ಹಾಕಿಕೊಂಡ ಮಗು ಮೊದಲ ದಿನ ಆಡಿಕೊಂಡೇ ಇರಬಹುದು, ಲಿವರ್ ಕೆಡುವುದು ಒಂದೆರಡು ದಿನ ಬಿಟ್ಟು. ಮಗು ಚೆನ್ನಾಗಿದೆ ಎಂದು ಕಾಯದೆ, ಟ್ಯೂಬಿನ ಸಮೇತ ಆಸ್ಪತ್ರೆಗೆ ಹೋಗಿ. ಜ್ವರದೊಂದಿಗೆ ಕಾಮಾಲೆ ಇದ್ದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ), ಫಾಲ್ಸಿಪೇರಮ್ ಮಲೇರಿಯಾ, ಡೆಂಗಿ ಇವೂ ಲಿವರ್ ಫೇಲ್ಯೂರಿನಂತೆಯೇ ಕಾಣುತ್ತವೆ. ನಿಂತ ಮಳೆನೀರಿನಲ್ಲಿ ನಡೆದದ್ದಿದ್ದರೆ ಅದನ್ನು ಕೇಳುವ ಮೊದಲೇ ಹೇಳಿಬಿಡಿ.

ಬೇರೆ ಅಂಗಗಳ ಜೊತೆ ಬಂದಾಗ

ಫಲ್ಮಿನಂಟ್ ಮಯೋಕಾರ್ಡೈಟಿಸ್ ಎಂದರೆ ಹೃದಯದ ಸ್ನಾಯುವಿನ ಉರಿಯೂತ. ವೈರಲ್ ಜ್ವರದ ಬೆನ್ನಿಗೇ ಏದುಸಿರು, ತಣ್ಣಗಾದ ಕೈಕಾಲು, ಇಳಿದ ಬಿಪಿ. ವಯಸ್ಸು ಚಿಕ್ಕದೆಂದು ಗ್ಯಾಸ್ ಎನ್ನಬೇಡಿ. ಯಂತ್ರದ ಆಸರೆಯಲ್ಲಿ ಕೆಟ್ಟ ದಿನಗಳನ್ನು ದಾಟಿಸಿದರೆ ಹೃದಯ ಚೇತರಿಸಿಕೊಳ್ಳುವವರು ಸಾಕಷ್ಟು ಇದ್ದಾರೆ, ಹಾಗಾಗಿ ಐಸಿಯು ಜೊತೆ ಎಕ್ಮೊ (ಹೃದಯ, ಶ್ವಾಸಕೋಶದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ) ಸೌಲಭ್ಯ ಇರುವ ಆಸ್ಪತ್ರೆ ಯಾವುದೆಂದು ಮೊದಲೇ ಕೇಳಿ.

ಪರ್ಪ್ಯುರಾ ಫಲ್ಮಿನನ್ಸ್ ಚರ್ಮದ ಮೇಲೆ ಕಾಣುತ್ತದೆ. ಜ್ವರವಿರುವ ಮಗುವಿನ ಮೈಮೇಲೆ ನೇರಳೆ ಕಲೆ ಎದ್ದರೆ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಿ. ಗಾಜಿನಡಿಯಲ್ಲೂ ಬಣ್ಣ ಮಾಯವಾಗದಿದ್ದರೆ ರಕ್ತ ಚರ್ಮದೊಳಗೆ ಸೋರಿದೆ. ಆಗ ಫ್ಯಾಮಿಲಿ ಡಾಕ್ಟರಿಗಾಗಿ ಸಂಜೆವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕು.

ದೊಡ್ಡ ಕರುಳಿನ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದಿನಕ್ಕೆ 10ಕ್ಕಿಂತ ಹೆಚ್ಚು ಬಾರಿ ಭೇದಿ, ನಿಲ್ಲದ ರಕ್ತ, ಉಬ್ಬಿದ ಹೊಟ್ಟೆ ಇದ್ದರೆ ಈ ಪದ ಬಳಸುತ್ತಾರೆ. ಭೇದಿ ನಿಲ್ಲಿಸುವ ಮಾತ್ರೆ ಇಲ್ಲಿ ವಿಷಕ್ಕೆ ಸಮ, ಕರುಳು ಹಿಗ್ಗಿ ತೂತಾಗುವ ಅಪಾಯವಿದೆ. 2000ದಲ್ಲಿ ಜಪಾನಿನ ವೈದ್ಯರು ಹೆಸರಿಟ್ಟ ಫಲ್ಮಿನಂಟ್ ಟೈಪ್ 1 ಡಯಾಬಿಟಿಸ್‌ನಲ್ಲಿ ಸಕ್ಕರೆ ವಿಪರೀತ ಏರಿದ್ದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ. ಕಾಯಿಲೆ ಬಂದೇ ಕೆಲವು ದಿನವಾದ್ದರಿಂದ ಸರಾಸರಿ ಏರಲು ಸಮಯವೇ ಸಿಕ್ಕಿರುವುದಿಲ್ಲ.

ಇದೇ ಬಳಗದ ಇನ್ನೊಂದು ಪದ 'ಥಂಡರ್‌ಕ್ಲ್ಯಾಪ್ ಹೆಡೇಕ್'. ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ತಲೆನೋವು. ಮಿದುಳಿನ ಸುತ್ತ ರಕ್ತಸ್ರಾವವಾಗಿದೆಯೇ ಎಂದು ನೋಡಲು ಮೊದಲ 6 ಗಂಟೆಯೊಳಗಿನ ಸಿಟಿ ಸ್ಕ್ಯಾನ್ ಅತಿ ನಂಬಲರ್ಹ, ಹೊತ್ತು ಕಳೆದಂತೆ ಅದರ ಖಚಿತತೆ ಇಳಿಯುತ್ತದೆ.

ಡಾಕ್ಟರಿಗೆ 'ಯಾವಾಗಿನಿಂದ' ಎಂಬುದನ್ನು ಹೇಳುವ ಬಗೆ

ಊರಿನಿಂದ ಬಂದ ಅತ್ತೆಗೆ ತುಳು ಮತ್ತು ಕನ್ನಡ ಮಾತ್ರ ಗೊತ್ತು, ರೆಸಿಡೆಂಟ್ ಡಾಕ್ಟರು ಕೇಳುವುದು ಮರಾಠಿ ಅಥವಾ ಹಿಂದಿಯಲ್ಲಿ, ನಡುವೆ ದುಭಾಷಿ ನೀವು. ಮೇಲಿನ ಎಲ್ಲ ಪದಗಳೂ ನಿಂತಿರುವುದು ಆಗ ನೀವು ಹೇಳುವ ಸಮಯದ ಮೇಲೆ. ತಪ್ಪು ಆಗುವುದೂ ಅಲ್ಲೇ.

ಕನ್ನಡದಲ್ಲಿ 'ಮೊನ್ನೆ' ಎಂದರೆ ಎರಡು ದಿನದ ಹಿಂದೆ. ಮಾತಿನ ಭರದಲ್ಲಿ ಅದು ಹದಿನೈದು ದಿನದ ಹಿಂದೆಯೂ ಆಗುತ್ತದೆ. 'ಮೊನ್ನೆಯಿಂದ ಸುಸ್ತು' ಎಂದರೆ ಯಾವ ವಾರ ಎಂದು ಮರಳಿ ಕೇಳಿ. ತುಳುವಿನ 'ಕೋಡೆ' ನಿನ್ನೆ, 'ಮುರಾನಿ' ಮೊನ್ನೆ, ಎರಡನ್ನೂ ತಾರೀಖಿಗೆ ಇಳಿಸಿಕೊಳ್ಳಿ. ಹಿಂದಿಯ 'ಕಲ್' ನಿನ್ನೆಯೂ ಹೌದು ನಾಳೆಯೂ ಹೌದು. ಮರಾಠಿಯ 'ಕಾಲ್' ಮಾತ್ರ ನಿನ್ನೆಯೇ. 'ಎಕ್ದಮ್' ಪದವನ್ನು ಬಿಟ್ಟುಬಿಡಿ. ಅದು ಥಟ್ಟನೆ ಎಂದೂ ಆಗುತ್ತದೆ, ತುಂಬಾ ಎಂದೂ ಆಗುತ್ತದೆ. 'ಎಕ್ದಮ್ ದುಖ್ತಂಯ್' ಎಂದರೆ ಏಕಾಏಕಿ ನೋವು ಬಂತೋ ನೋವು ಬಹಳವೋ ತಿಳಿಯದು. ಥಟ್ಟನೆ ಎನ್ನಲು 'ಅಚಾನಕ್', ಮೆಲ್ಲಗೆ ಎನ್ನಲು ಮರಾಠಿಯಲ್ಲಿ 'ಹಳೂಹಳೂ', ಹಿಂದಿಯಲ್ಲಿ 'ಧೀರೇ ಧೀರೇ'. ನಮ್ಮ 'ಸಂಕಟ' ಹೊಟ್ಟೆಯ ಬಾಧೆ, ಅವರ 'ಸಂಕಟ್' ವಿಪತ್ತು. ಹಾಗಾಗಿ ಎದೆಯೋ ಹೊಟ್ಟೆಯೋ, ನೋವೋ ಉರಿಯೋ ಬಿಡಿಸಿ ಹೇಳಿ. ಕಾಮಾಲೆಗೆ ಮರಾಠಿಯಲ್ಲಿ 'ಕಾವೀಳ್', ಹಿಂದಿಯಲ್ಲಿ 'ಪೀಲಿಯಾ'. ಮಂಪರಿಗೆ ಮರಾಠಿಯಲ್ಲಿ 'ಗುಂಗೀ'.

ಲಕ್ವ ಹೊಡೆದಾಗ ಕೇಳುವ ಪ್ರಶ್ನೆಯೇ ಬೇರೆ. ಯಾವಾಗ ಬಿದ್ದರು ಎಂಬುದಕ್ಕಿಂತ, ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡದ್ದು ಎಷ್ಟು ಗಂಟೆಗೆ ಎಂಬುದು ಮುಖ್ಯ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿನ 4.5 ಗಂಟೆಯ ಗಡುವನ್ನು ಅಲ್ಲಿಂದ ಎಣಿಸುತ್ತಾರೆ. ಹೋಟೆಲಿನಲ್ಲಿ ಕೆಲಸ ಮುಗಿಸಿ ರಾತ್ರಿ ಒಂದಕ್ಕೆ ಮಲಗಿದವರು ಬೆಳಿಗ್ಗೆ ಐದಕ್ಕೆ ಎದ್ದಾಗ ಮಾತು ತೊದಲಿದರೆ, ಲೆಕ್ಕ ಐದರಿಂದಲ್ಲ, ಒಂದರಿಂದ. ಅವರ ಫೋನು ತೆರೆದು ಕೊನೆಯ ಕರೆ, ಕೊನೆಯ ವಾಟ್ಸಾಪ್ ಸಂದೇಶ ನೋಡಿ. ಮೂರು ಗಂಟೆಗೆ ಎದ್ದು ಯಾರಿಗೋ ಸರಿಯಾದ ಸಂದೇಶ ಕಳಿಸಿದ್ದರೆ ಎರಡು ಗಂಟೆ ಉಳಿಯಿತು. ಆಮೇಲೆ ಹೀಗೆ ಹೇಳಿ: 'ರಾತ್ರೀ ತೀನ್ ವಾಜೇಪರ್ಯಂತ್ ಠೀಕ್ ಹೋತೇ, ಪಾಚ್ ವಾಜತಾ ಅಸಂ ದಿಸಲಂ.' ಗಡುವು ಮೀರಿದೆ ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಆಯ್ದ ಕೆಲವರಿಗೆ ತಂತಿ ತೂರಿಸಿ ಗಡ್ಡೆ ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡುತ್ತಾರೆ.

ಫಲ್ಮಿನಂಟ್ ಎಂದು ಬರೆದ ಮೇಲೆ

ರೌಂಡ್ಸಿಗೆ ಬಂದ ಡಾಕ್ಟರನ್ನು ನಾಲ್ಕೇ ವಿಷಯ ಕೇಳಿ: ಯಾವ ಅಂಗ ಕೈಕೊಡುತ್ತಿದೆ, ಕಾರಣ ಗೊತ್ತಾಗಿದೆಯೇ, ಮುಂದಿನ 24 ಗಂಟೆಯಲ್ಲಿ ಯಾವ ಸಂಖ್ಯೆಯ ಮೇಲೆ ಕಣ್ಣಿಡುತ್ತೀರಿ, ಅದು ಕೆಟ್ಟರೆ ಬೇಕಾಗುವ ಸೌಲಭ್ಯ ಇಲ್ಲೇ ಇದೆಯೇ. ನಾಲ್ಕನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ರೋಗಿ ಮಾತಾಡುತ್ತಿರುವಾಗಲೇ ಸ್ಥಳಾಂತರಿಸುವ ಮಾತು ಎತ್ತಿ. ಕೋಮಾಕ್ಕೆ ಜಾರಿ ವೆಂಟಿಲೇಟರ್ ಹಾಕಿದ ಮೇಲೆ ಠಾಣೆಯಿಂದ ಪರೇಲಿನವರೆಗಿನ ಟ್ರಾಫಿಕ್ಕೂ ಒಂದು ಅಪಾಯವಾಗುತ್ತದೆ.

ಲಿವರಾದರೆ ಕಸಿ ಮಾಡುವ ಕೇಂದ್ರಕ್ಕೇ ಹೋಗುವುದು ಒಳ್ಳೆಯದು, ಕಸಿ ಬೇಕಾಗದೇ ಹೋಗಬಹುದು, ಆದರೆ ತೀರ್ಮಾನಿಸುವವರು ಅಲ್ಲಿರುತ್ತಾರೆ. ಮೃತರ ಅಂಗ ಹಂಚಿಕೆಯನ್ನು ಮುಂಬಯಿಯಲ್ಲಿ ನೋಡಿಕೊಳ್ಳುವುದು ಜೆಡ್‌ಟಿಸಿಸಿ ಎಂಬ ವಲಯ ಸಮನ್ವಯ ಕೇಂದ್ರ. ಹೆಸರು ನೋಂದಾಯಿಸುವುದು ಆಸ್ಪತ್ರೆಯ ಮೂಲಕವೇ. ಬದುಕಿರುವವರು ಕೊಡುವುದಾದರೆ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳನ್ನು ಕಾನೂನು ಹತ್ತಿರದ ಸಂಬಂಧಿಗಳೆಂದು ಎಣಿಸುತ್ತದೆ. ಊರಿನಿಂದ ಹೊರಡುವವರು ಆಧಾರ್ ಜೊತೆಗೆ ಸಂಬಂಧ ತೋರಿಸುವ ಕಾಗದ, ಅಂದರೆ ರೇಷನ್ ಕಾರ್ಡು, ಮದುವೆ ಅಥವಾ ಜನನ ಪ್ರಮಾಣಪತ್ರ, ಹಿಡಿದೇ ರೈಲು ಹತ್ತಲಿ. ಮರೆತು ಬಂದರೆ ಅನುಮತಿಯ ಕೆಲಸ ಅಲ್ಲೇ ನಿಲ್ಲುತ್ತದೆ.

ಆಂಬುಲೆನ್ಸಿಗೆ 108, ಮಹಾರಾಷ್ಟ್ರದಲ್ಲಿ ಉಚಿತ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ರೆಫರಲ್ ಚೀಟಿ, ಕೊನೆಯ ಐಎನ್‌ಆರ್ ಮತ್ತು ಸಕ್ಕರೆಯ ಸಂಖ್ಯೆ, ಆ ದಿನ ಕೊಟ್ಟ ಔಷಧಗಳ ಹೆಸರು ಹಾಗೂ ಹೊತ್ತು, ಮೂರು ತಾರೀಖಿನ ನಿಮ್ಮ ಚೀಟಿ, ಮನೆಯಲ್ಲಿ ತೆಗೆದುಕೊಂಡ ಎಲ್ಲ ಮಾತ್ರೆಯ ಖಾಲಿ ಪಟ್ಟಿಗಳು ಕೈಯಲ್ಲಿರಲಿ. ಎಲ್ಲದರ ಫೋಟೋ ತೆಗೆದು ಜೊತೆಗಿರುವ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಹೊರಡುವ ಮೊದಲು ಆ ಕಡೆಯ ಐಸಿಯುಗೆ ಈ ಕಡೆಯ ಡಾಕ್ಟರೇ ಫೋನ್ ಮಾಡಿ ಬೆಡ್ ಖಾತ್ರಿಪಡಿಸಿಕೊಳ್ಳುವಂತೆ ಕೇಳಿಕೊಳ್ಳಿ, ಮಾತಾಡಿದವರ ಹೆಸರನ್ನು ಕೇಸ್ ಪೇಪರಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ.